ನಾಳಿನ ತೆರಿಗೆಗೆ ಯಾರ ಸಹಿ?

ಪಾಳುಬಿದ್ದ ನಗರಭಾಗಗಳಿಗೆ ಮರುಜೀವ ನೀಡಲು ಅಮೆರಿಕದ ನಗರಗಳು ಬಹುಕಾಲದಿಂದ ಒಂದು ಜಾಣ ಉಪಾಯವನ್ನು ನೆಚ್ಚಿಕೊಂಡಿವೆ. ಟ್ಯಾಕ್ಸ್ ಇಂಕ್ರಿಮೆಂಟ್ ಫೈನಾನ್ಸಿಂಗ್ ಎಂಬುದು ಅದರ ಹೆಸರು. ಮುಂದೆ ಹೆಚ್ಚಲಿರುವ ಆಸ್ತಿ ತೆರಿಗೆಯ ಭರವಸೆಯ ಮೇಲೆ ಇಂದೇ ಹಣ ಹೊಂದಿಸಿಕೊಳ್ಳುವುದು ಅದರ ತಿರುಳು. ಒಂದು ಪ್ರದೇಶದಿಂದ ವರ್ಷಕ್ಕೆ 10 ಲಕ್ಷ ಡಾಲರ್ ತೆರಿಗೆ ಬರುತ್ತಿದೆ ಎನ್ನೋಣ. ಯೋಜನೆ ಜಾರಿಗೊಂಡ ಬಳಿಕ ಆಸ್ತಿಗಳ ಮೌಲ್ಯ ಏರಿ ತೆರಿಗೆ 16 ಲಕ್ಷಕ್ಕೆ ತಲುಪಿದರೆ, ಮೊದಲಿನ 10 ಲಕ್ಷ ಎಂದಿನಂತೆ ಹಂಚಿಕೆಯಾಗುತ್ತದೆ. ಹೆಚ್ಚುವರಿ 6 ಲಕ್ಷ ಯೋಜನೆಯ ನಿಧಿಗೆ ಸೇರುತ್ತದೆ. ಈ ಆದಾಯವನ್ನು ನಂಬಿ ಬಾಂಡ್ ಹೊರಡಿಸಿ ರಸ್ತೆ, ಒಳಚರಂಡಿ, ಉದ್ಯಾನಗಳನ್ನು ನಿರ್ಮಿಸಬಹುದು. ತೆರಿಗೆಯ ದರ ಏರಿಸಬೇಕಾಗಿಲ್ಲ.

ಮೇಲ್ನೋಟಕ್ಕೆ ಯಾರಿಗೂ ನಷ್ಟವಿಲ್ಲ. ಆದರೆ ಅಲ್ಲಿನ ಆಸ್ತಿ ತೆರಿಗೆ ನಗರಾಡಳಿತವೊಂದರದೇ ಸೊತ್ತಲ್ಲ. ಒಂದೇ ಮನೆಯ ತೆರಿಗೆಯಲ್ಲಿ ನಗರಕ್ಕೆ, ಶಾಲಾ ಮಂಡಳಿಗೆ, ಕೌಂಟಿಗೆ ಬೇರೆ ಬೇರೆ ಪಾಲಿದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯನ್ನು ಹೋಲುವ, ಚುನಾಯಿತ ಪ್ರತಿನಿಧಿಗಳು ನಡೆಸುವ ಆಡಳಿತ. ಜೈಲು, ನ್ಯಾಯಾಲಯ, ಚುನಾವಣೆ, ಸಾರ್ವಜನಿಕ ಆರೋಗ್ಯ ಸಾಮಾನ್ಯವಾಗಿ ಅದರ ಹೊಣೆ. ಅದನ್ನು ಕೇಳದೆ ಅದರ ಪಾಲನ್ನು ನಗರ ಎತ್ತಿಟ್ಟರೆ, ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದಂತೆಯೇ ಸರಿ. ಹೊಸ ನಿವಾಸಿಗಳು ಬಂದಂತೆ ಕೌಂಟಿಯ ವೆಚ್ಚ ಹೆಚ್ಚುತ್ತದೆ. ಆ ಪ್ರದೇಶದ ಆದಾಯ ಮಾತ್ರ ದಶಕಗಳ ಕಾಲ ನಿಂತಲ್ಲೇ ನಿಲ್ಲುತ್ತದೆ.

1952ರಲ್ಲಿ ಈ ಪದ್ಧತಿಗೆ ನಾಂದಿ ಹಾಡಿದ ಕ್ಯಾಲಿಫೋರ್ನಿಯದಲ್ಲಿ ಕೌಂಟಿಯ ಒಪ್ಪಿಗೆ ಕಡ್ಡಾಯವಾಗಿರಲಿಲ್ಲ. ಕಾಲಕ್ರಮೇಣ ಅಲ್ಲಿನ ಪುನರಭಿವೃದ್ಧಿ ಸಂಸ್ಥೆಗಳ ಸಂಖ್ಯೆ ನಾನ್ನೂರರ ಗಡಿ ತಲುಪಿ, ರಾಜ್ಯದ ಒಟ್ಟು ಆಸ್ತಿ ತೆರಿಗೆಯಲ್ಲಿ ಸುಮಾರು ಶೇ 12 ಅವುಗಳ ಪಾಲಾಯಿತು. ಶಾಲೆಗಳ ಕೊರತೆಯನ್ನು ರಾಜ್ಯದ ಬೊಕ್ಕಸವೇ ತುಂಬಬೇಕಾಯಿತು. ಹಣಕಾಸಿನ ಬಿಕ್ಕಟ್ಟಿನ ನಡುವೆ ಗವರ್ನರ್ ಜೆರ್ರಿ ಬ್ರೌನ್ ಈ ಸಂಸ್ಥೆಗಳನ್ನು ಮುಚ್ಚಲು ಮುಂದಾದರು. 2012ರ ಫೆಬ್ರುವರಿ 1ರಂದು ಅವು ವಿಸರ್ಜನೆಗೊಂಡವು. 2014ರಲ್ಲಿ ಬಂದ ಹೊಸ ಕಾಯ್ದೆಯ ಪ್ರಕಾರ, ಕೌಂಟಿ ತಾನಾಗಿ ಒಪ್ಪಿದರೆ ಮಾತ್ರ ಅದರ ಪಾಲು ಯೋಜನೆಗೆ ದಕ್ಕುತ್ತದೆ. ಶಾಲೆಗಳ ಪಾಲನ್ನಂತೂ ಮುಟ್ಟುವಂತಿಲ್ಲ.

ಒಪ್ಪಿಗೆಯ ಪದ್ಧತಿಯ ಬಲ ಮತ್ತು ಮಿತಿ ಎರಡನ್ನೂ ಜಾರ್ಜಿಯ ರಾಜ್ಯದ ಅಟ್ಲಾಂಟಾ ನಗರದಲ್ಲಿ ಕಾಣಬಹುದು. ಹಳೆಯ ರೈಲು ಮಾರ್ಗಗಳನ್ನು ಜೋಡಿಸಿ ನಗರದ ಸುತ್ತ 22 ಮೈಲಿಗಳ ವರ್ತುಲ ನಿರ್ಮಿಸುವ ಬೆಲ್ಟ್‌ಲೈನ್ ಯೋಜನೆಗೆ 2005ರಲ್ಲಿ ನಗರ, ಫುಲ್ಟನ್ ಕೌಂಟಿ ಮತ್ತು ಶಾಲಾ ಮಂಡಳಿ ಮೂರೂ ಕೈಜೋಡಿಸಿದವು. ಫುಲ್ಟನ್‌ಗೆ ಇದು ಸುಲಭದ ತ್ಯಾಗವಲ್ಲ. ಬಡ ರೋಗಿಗಳ ಆಸರೆಯಾದ ಗ್ರೇಡಿ ಆಸ್ಪತ್ರೆಗೆ ನೆರವು, ಗ್ರಂಥಾಲಯಗಳು, ಜೈಲು, ಎಲ್ಲಕ್ಕೂ ಅದೇ ಹಣ ಹೊಂದಿಸಬೇಕು. ಶಾಲಾ ತೆರಿಗೆಯನ್ನು ಹೀಗೆ ಬಳಸುವಂತಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಮತದಾರರು ಸಂವಿಧಾನ ತಿದ್ದುಪಡಿಗೆ ಸಮ್ಮತಿಸಿ ಆ ದಾರಿಯನ್ನು ಮತ್ತೆ ತೆರೆದರು. ಅಷ್ಟರಲ್ಲಿ ಆರ್ಥಿಕ ಹಿಂಜರಿತ ಎರಗಿತು. ನಿರೀಕ್ಷಿಸಿದ ಆದಾಯ ಬರಲಿಲ್ಲ. ಶಾಲಾ ಮಂಡಳಿಗೆ ಕೊಡಬೇಕಾದ ಹಣದ ಬಗ್ಗೆ ಎದ್ದ ವಿವಾದ 2016ರಲ್ಲಿ ಒಪ್ಪಂದವನ್ನು ಪರಿಷ್ಕರಿಸಿದ ಮೇಲಷ್ಟೇ ಬಗೆಹರಿಯಿತು. ಈ ಕಲ್ಪನೆಯನ್ನು 1999ರ ತಮ್ಮ ಪ್ರಬಂಧದಲ್ಲಿ ಮೊದಲು ಮಂಡಿಸಿದ ರ್‍ಯಾನ್ ಗ್ರಾವೆಲ್, ಕೈಗೆಟಕುವ ಮನೆಗಳಿಗೆ ಸಾಕಷ್ಟು ಗಮನ ದೊರೆಯುತ್ತಿಲ್ಲವೆಂದು ಅದೇ ವರ್ಷ ಯೋಜನೆಯ ಪಾಲುದಾರ ಸಂಸ್ಥೆಯ ಮಂಡಳಿಯಿಂದ ಹೊರಬಂದರು.

ಯೋಜನೆಯೇ ಇಲ್ಲದಿದ್ದರೆ ಹೆಚ್ಚುವರಿ ತೆರಿಗೆಯೂ ಹುಟ್ಟುತ್ತಿರಲಿಲ್ಲ, ಹಾಗಿರುವಾಗ ಕೌಂಟಿ ಕಳೆದುಕೊಂಡದ್ದೇನು ಎಂದು ಸಮರ್ಥಕರು ಕೇಳುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ಹಣದುಬ್ಬರದಿಂದಲೋ ನಗರದ ಸಹಜ ಬೆಳವಣಿಗೆಯಿಂದಲೋ ತಾನಾಗಿ ಏರುತ್ತಿದ್ದ ಮೌಲ್ಯವನ್ನೂ ಯೋಜನೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಕೌಂಟಿಗಳು ದೂರ ಉಳಿಯಬೇಕೆಂದು ನಾನು ಹೇಳುತ್ತಿಲ್ಲ. ಸೇರುವ ಮುನ್ನ ಅವು ಮೂರು ಷರತ್ತುಗಳನ್ನು ಮುಂದಿಡಬೇಕು: ಪಾಲಿನ ಒಂದು ಭಾಗವನ್ನಷ್ಟೇ ಕೊಡುವುದು, ಅದಕ್ಕೆ ಮೊತ್ತದ ಮತ್ತು ಅವಧಿಯ ಮಿತಿ ಹಾಕುವುದು, ಕೈಗೆಟಕುವ ಮನೆಗಳ ಗುರಿಯನ್ನು ಒಪ್ಪಂದದಲ್ಲಿಯೇ ಬರೆಸುವುದು.

ಈ ಚರ್ಚೆ ನಮಗೂ ದೂರದ್ದಲ್ಲ. ಕೇಂದ್ರ ಸರ್ಕಾರ 2017ರಲ್ಲಿ ರೂಪಿಸಿದ ಮೌಲ್ಯವರ್ಧನೆ ಆಧಾರಿತ ಹಣಕಾಸು ನೀತಿಯಲ್ಲಿ ಈ ವಿಧಾನವೂ ಸೇರಿದೆ. 2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋಗಿದೆ; ಮೆಟ್ರೊ ಮಾರ್ಗ ಪಾಲಿಕೆಗಳ ಗಡಿ ನೋಡಿ ಓಡುವುದಿಲ್ಲ. ಮುಂದೊಂದು ದಿನ ಇಲ್ಲಿಯೂ ಭವಿಷ್ಯದ ತೆರಿಗೆಯನ್ನು ಅಡವಿಡುವ ಪ್ರಸ್ತಾವ ಬಂದಾಗ, ಕಸ ಎತ್ತುವ, ದೀಪ ಉರಿಸುವ, ಚರಂಡಿ ಶುಚಿಗೊಳಿಸುವ ಹೊಣೆ ಹೊತ್ತ ಪ್ರತಿಯೊಂದು ಸಂಸ್ಥೆಯ ಸಹಿಯೂ ಆ ಪತ್ರದ ಮೇಲೆ ಇರಬೇಕು.