ಕುಳಿಗೆ ತಕ್ಕ ಕೀಲು

ಬೆಳಗಾವಿಯಿಂದ ಖಾನಾಪುರದ ಹಾದಿ ಹಿಡಿದು ಹೊರಟವರಿಗೆ ಊರಂಚಿನಲ್ಲಿ ಉದ್ಯಮಬಾಗ ಸಿಗುತ್ತದೆ. ಹೆಸರಿನಲ್ಲಿ ತೋಟವಿದೆ, ಒಳಹೊಕ್ಕರೆ ಕಾಣುವುದು ಎರಕದ ಭಟ್ಟಿಗಳು, ಲೇತುಗಳು, ಕಬ್ಬಿಣದ ಚೂರಿನ ರಾಶಿಗಳು. 1979ರಲ್ಲಿ ಹುಟ್ಟಿದ ಗೋಗಟೆ ತಾಂತ್ರಿಕ ವಿದ್ಯಾಲಯವೂ ಅಲ್ಲಿಯೇ ಉಂಟು. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ, ಮಚ್ಛೆಯ ಬಳಿ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ. ಕೆಲಸಕ್ಕೆ ಹೋಗುವ ಲೇತುಗಾರನೂ ಪಾಠಕ್ಕೆ ಹೋಗುವ ವಿದ್ಯಾರ್ಥಿಯೂ ಬೆಳಗಿನ ಹೊತ್ತು ಒಂದೇ ದಾರಿ ತುಳಿಯುತ್ತಾರೆ. ಕೆಲವು ಮನೆಗಳಲ್ಲಿ ಅವರಿಬ್ಬರು ತಂದೆ ಮತ್ತು ಮಗ, ಅಥವಾ ತಂದೆ ಮತ್ತು ಮಗಳು.

ಆ ಲೇತುಗಾರನಿಗೆ ಒಂದು ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಕ್ಕಿನ ದಂಡವನ್ನು ಎಷ್ಟೇ ನುಣುಪಾಗಿ ಕಡೆದಿರಲಿ, ಅದು ಕೂಡಬೇಕಾದ ಬೇರಿಂಗಿಗೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ತೆಳುವಾಯಿತೆಂದರೆ ಅದು ಗುಜರಿಯ ಮಾಲು. ಒಳ್ಳೆಯದು ಬೇರೆ, ಒಪ್ಪುವುದು ಬೇರೆ. ಆದರೆ ಮಕ್ಕಳಿಗಾಗಿ ಹಳೆಯ ಗಣಕಯಂತ್ರವನ್ನು ಸುಧಾರಿಸಲು ಅಂಗಡಿಗೆ ಹೋದಾಗ ಇದೇ ಮನುಷ್ಯ ಕೇಳುವ ಮೊದಲ ಪ್ರಶ್ನೆ, ‘ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಪ್ರೊಸೆಸರ್ ಯಾವುದು?’ ಎಂಬುದು. ತನ್ನ ಕಾರ್ಖಾನೆಯಲ್ಲಾದರೆ ‘ಯಾವ ಕುಳಿಗೆ?’ ಎಂದು ಆತನೇ ಮರುಪ್ರಶ್ನೆ ಹಾಕುತ್ತಿದ್ದ.

ತಪ್ಪು ಆತನದಲ್ಲ. ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್ 1841ರಲ್ಲಿ ತಿರುಪುಗಳ ಎಳೆಗೆ ಒಂದೇ ಅಳತೆಯನ್ನು ಸೂಚಿಸಿದ ಮೇಲೆ, ಒಂದೂರಿನ ಬೋಲ್ಟು ಇನ್ನೊಂದೂರಿನ ನಟ್ಟಿಗೆ ಕೂಡುವುದು ಯಂತ್ರಲೋಕದ ನಡಾವಳಿಯಾಯಿತು. ಗಣಕದ ಲೋಕದಲ್ಲಿಯೂ ಅಂಥದೊಂದು ಸೌಹಾರ್ದದ ಕಾಲವಿತ್ತು. 1990ರ ದಶಕದ ನಡುವೆ ‘ಸಾಕೆಟ್ 7’ ಎಂಬ ಕುಳಿಯಲ್ಲಿ ಇಂಟೆಲ್ಲಿನ ಪೆಂಟಿಯಮ್ಮೂ ಕೂಡುತ್ತಿತ್ತು, ಪ್ರತಿಸ್ಪರ್ಧಿ ಎಎಮ್‌ಡಿಯ ಕೆ6 ಕೂಡ ಕೂಡುತ್ತಿತ್ತು. 1997ರಲ್ಲಿ ಇಂಟೆಲ್ ಪೆಂಟಿಯಮ್ 2ಕ್ಕೆಂದು ತನ್ನದೇ ಬೇರೆ ಕುಳಿಯನ್ನು ಮಾಡಿಕೊಂಡಿತು. ಎರಡು ವರ್ಷಗಳಲ್ಲಿ ಎಎಮ್‌ಡಿಯೂ ಬೇರೆ ಒಲೆ ಹೂಡಿತು. ಅಂದಿನಿಂದ ಪ್ರೊಸೆಸರನ್ನು ಕೊಳ್ಳುವವನು, ಅರಿತೋ ಅರಿಯದೆಯೋ, ಅದನ್ನು ಹೊರುವ ಮದರ್‌ಬೋರ್ಡಿನ ಮನೆತನವನ್ನೂ ಕೊಳ್ಳುತ್ತಾನೆ.

ಈ ಮಾತು ಈಗ ಏಕೆ ಬಂದಿತೆಂದರೆ, ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಮುಗಿಸಿತು. ವಿಂಡೋಸ್ 11, ಹೆಚ್ಚುಕಡಿಮೆ, ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಳೆಯದಾದ ಪ್ರೊಸೆಸರನ್ನು ಒಪ್ಪುವುದಿಲ್ಲ. 2016ರ ಸುಮಾರಿಗೆ ಕೊಂಡ ಆರನೆಯ ಪೀಳಿಗೆಯ ಯಂತ್ರ ಮನೆಯಲ್ಲಿದೆಯೆನ್ನಿ. ಅದರ ಕುಳಿಯಲ್ಲಿ 1151 ಸಂಪರ್ಕಬಿಂದುಗಳು. ಎಂಟನೆಯ ಪೀಳಿಗೆಯದಕ್ಕೂ 1151 ಬಿಂದುಗಳೇ. ಹಳೆಯ ಮಾಲಿನಲ್ಲಿ ಅಂಥದೊಂದನ್ನು ಅಗ್ಗವಾಗಿ ತಂದು ಕೂಡಿಸಿದರಾಯಿತು ಎಂದು ಯಾರಿಗೂ ತೋರುವುದು ಸಹಜ. ಅದು ಕುಳಿಯಲ್ಲಿ ಕೂಡುತ್ತದೆ. ಆದರೆ ಯಂತ್ರ ಏಳುವುದಿಲ್ಲ. 2017ರಲ್ಲಿ ಬಂದ ಎಂಟನೆಯ ಪೀಳಿಗೆಗೆ 300ರ ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕು. ಬಿಂದುಗಳ ಎಣಿಕೆ ಒಂದಾದರೂ ವಿದ್ಯುತ್ತು ಹರಿಯುವ ಹಂಚಿಕೆ ಬೇರೆ. ಕಣ್ಣಿಗೆ ಒಪ್ಪಿ ಕೆಲಸಕ್ಕೆ ಒಪ್ಪದ ಇಂಥ ಜೋಡಿಯನ್ನು ಲೇತಿನ ಮೇಲೆ ಕಾಣುವುದು ಅಪೂರ್ವ. ಇದನ್ನು ನಾನು ತಯಾರಕರ ಸಣ್ಣತನವೆಂದೇ ಭಾವಿಸುತ್ತೇನೆ. ಕೊಂಡವನ ಮನೆಯಲ್ಲಾದರೆ ಅದು ಮಕ್ಕಳ ಪರೀಕ್ಷೆಯ ಶುಲ್ಕಕ್ಕೆ ತಟ್ಟುವ ನಷ್ಟ.

ಎಎಮ್‌ಡಿಯ ಬಗ್ಗೆ ಇಷ್ಟು ದೂರು ಹೇಳುವಂತಿಲ್ಲ. 2017ರ ಮೊದಲ ರೈಜನ್‌ಗಾಗಿ ಬಂದ ‘ಎಎಮ್4’ ಕುಳಿಯ ಅನೇಕ ಬೋರ್ಡುಗಳಿಗೆ, 2022ರ ಪರಿಷ್ಕರಣೆಗಳ ತರುವಾಯ, 5000ದ ಸರಣಿಯ ಪ್ರೊಸೆಸರುಗಳನ್ನು ಹಾಕಬಹುದು. ಷರತ್ತು ಒಂದೇ: ಬೋರ್ಡಿನ ಒಳಗಿರುವ ಬಯೋಸ್ ಎಂಬ ತಂತ್ರಾಂಶವನ್ನು ಹಳೆಯ ಪ್ರೊಸೆಸರ್ ಇನ್ನೂ ಕುಳಿಯಲ್ಲಿರುವಾಗಲೇ ನವೀಕರಿಸಿಕೊಳ್ಳಬೇಕು. ಮೊದಲೇ ಕಿತ್ತು ಹೊಸದನ್ನು ಹಾಕಿದರೆ ಬೋರ್ಡು ಅದರ ಗುರುತು ಹಿಡಿಯದೆ ಪರದೆ ಕಪ್ಪಾಗಿಯೇ ಉಳಿದೀತು.

ಬೋರ್ಡನ್ನೇ ಬದಲಿಸಬೇಕಾದವರು ಕೈಯಲ್ಲಿರುವ ಮೆಮೊರಿಯನ್ನು ಮೊದಲು ನೋಡಲಿ. ಡಿಡಿಆರ್ 4 ಮತ್ತು ಡಿಡಿಆರ್ 5 ಪಟ್ಟಿಗಳಿಗೆ 288 ಬಿಂದುಗಳು ಸಮಾನ, ಆದರೆ ನಡುವಿನ ಕಚ್ಚು ಬೇರೆ ಕಡೆ. ಒಂದರ ಸ್ಥಾನದಲ್ಲಿ ಇನ್ನೊಂದು ಕೂಡದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಆದ್ದರಿಂದ ಹಳೆಯ ಯಂತ್ರದಲ್ಲಿ ಡಿಡಿಆರ್ 4 ಇದ್ದವರು ಅದನ್ನು ಉಳಿಸಿಕೊಳ್ಳುವಂಥ ಬೋರ್ಡನ್ನೇ ಹುಡುಕುವುದು ಲೇಸು: ಒಂದೋ ಎಎಮ್4, ಇಲ್ಲವೆ ಇಂಟೆಲ್ಲಿನ 1700 ಬಿಂದುಗಳ ಕುಳಿಯಿರುವ, ಡಿಡಿಆರ್ 4 ತೆಗೆದುಕೊಳ್ಳುವ ಬೋರ್ಡು. ಮೊದಲನೆಯದಕ್ಕೆ ಆರು ಕೋರುಗಳ ರೈಜನ್ 5600ಜಿ, ಎರಡನೆಯದಕ್ಕೆ ನಾಲ್ಕು ಕೋರುಗಳ ಐ3-12100 ಬಡವರ ಪಾಲಿಗೆ ಒಳ್ಳೆಯ ಆಯ್ಕೆಗಳು. ಎರಡರಲ್ಲೂ ಚಿತ್ರ ಮೂಡಿಸುವ ಶಕ್ತಿ ಒಳಗೇ ಇದೆ. ‘12100ಎಫ್’ ಎಂಬುದು ಕೊಂಚ ಅಗ್ಗಕ್ಕೆ ಸಿಕ್ಕೀತು. ಆ ಒಂದು ಅಕ್ಷರದ ಅರ್ಥ, ಗ್ರಾಫಿಕ್ಸ್ ಕಾರ್ಡನ್ನು ನೀವು ಬೇರೆ ತರಬೇಕು ಎಂಬುದು.

ಕೋರುಗಳ ಎಣಿಕೆಗೆ ಮರುಳಾಗುವುದೂ ಬೇಡ. ಯಂತ್ರಭಾಗಗಳ ನಕ್ಷೆ ಬರೆಯುವ ಕ್ಯಾಡ್ ತಂತ್ರಾಂಶಗಳು ಬಹುಮಟ್ಟಿಗೆ ಒಂದೇ ಕೋರಿನ ವೇಗವನ್ನು ನೆಚ್ಚಿ ನಡೆಯುತ್ತವೆ. ಎರಕದ ಅಚ್ಚಿನಲ್ಲಿ ಕರಗಿದ ಲೋಹ ಹೇಗೆ ಹರಿದು ಆರುತ್ತದೆಂದು ಲೆಕ್ಕ ಹಾಕುವಂಥ ಕೆಲಸಕ್ಕೆ ಮಾತ್ರ ಹೆಚ್ಚು ಕೋರುಗಳು ನಿಜವಾಗಿ ಒದಗುತ್ತವೆ.

ಇನ್ನು ಆ 2016ರ ಯಂತ್ರ. ಅದರ ನಿಧಾನಕ್ಕೆ ಪ್ರೊಸೆಸರಿಗಿಂತ ತಿರುಗುವ ಹಾರ್ಡ್ ಡಿಸ್ಕೇ ಕಾರಣವಾಗಿರುವುದು ಹೆಚ್ಚು. ಅದರ ಬದಲಿಗೆ ಒಂದು ಸಾಟಾ ಎಸ್‌ಎಸ್‌ಡಿ ಕೂಡಿಸಿ, ಲಿನಕ್ಸ್ ಹಾಕಿದರೆ, ವಿಂಡೋಸ್ 11 ತಳ್ಳಿಬಿಟ್ಟ ಅದೇ ಯಂತ್ರದ ಮೇಲೆ ಕನ್ನಡ ಬೆರಳಚ್ಚು, ಲೆಕ್ಕಪತ್ರ, ಪ್ರೋಗ್ರಾಮಿಂಗಿನ ಮೊದಲ ಪಾಠಗಳು ಇವೆಲ್ಲ ಇನ್ನೂ ಕೆಲವು ವರ್ಷ ಸರಾಗವಾಗಿ ನಡೆಯುತ್ತವೆ.