ಆಡ್ಸ್ ರೇಶಿಯೋ: ನಾಲ್ಕೇ ಅಂಕಿಗಳ ಲೆಕ್ಕ
ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ನಂಟು ಎಷ್ಟು ಗಟ್ಟಿ? 1950ರಲ್ಲಿ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ ಆಸ್ಪತ್ರೆಗಳ ಲೆಕ್ಕ ಮುಂದಿಟ್ಟರು.

ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಸೇದುವವರು 647, ಸೇದದವರು ಇಬ್ಬರೇ. ಬೇರೆ ಕಾಯಿಲೆಯ 649 ಗಂಡಸರಲ್ಲಿ ಸೇದುವವರು 622, ಸೇದದವರು 27.

ಈಗ ಅಡ್ಡಗುಣಾಕಾರ. 647ನ್ನು 27ರಿಂದ ಗುಣಿಸಿ. 2ನ್ನು 622ರಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 14. ಇದೇ ಆಡ್ಸ್ ರೇಶಿಯೋ.

1 ಬಂದರೆ ನಂಟಿಲ್ಲ. ಹೆಚ್ಚು ಬಂದರೆ ಅಪಾಯದ ಸೂಚನೆ, ಕಡಿಮೆ ಬಂದರೆ ರಕ್ಷಣೆಯ ಸೂಚನೆ. ಕಾಯಿಲೆ ಅಪರೂಪದ್ದಾದರೆ ಮಾತ್ರ ಇದನ್ನು ‘ಹತ್ತಿರ ಹತ್ತಿರ 14 ಪಟ್ಟು ಅಪಾಯ’ ಎಂದು ಓದಬಹುದು.

ಸೇದದ ರೋಗಿಗಳು ಇಬ್ಬರೇ ಇದ್ದದ್ದರಿಂದ ಶೇ 95ರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಆಡ್ಸ್ ರೇಶಿಯೋ ಇರಬಹುದಾದ ಅಂದಾಜು ಶ್ರೇಣಿ, ಸುಮಾರು 3ರಿಂದ 59. ಅಗಲವಾದರೂ ಅದು ‘ನಂಟಿಲ್ಲ’ ಎನ್ನುವ 1ನ್ನು ಮುಟ್ಟುವುದಿಲ್ಲ.

ಸುದ್ದಿಯಲ್ಲಿ ‘ಇಷ್ಟು ಪಟ್ಟು’ ಎಂದು ಕಂಡರೆ, ವ್ಯಾಪ್ತಿ ಎಷ್ಟೆಂದು ತಪ್ಪದೆ ನೋಡಿ.