ಬಯಲಿನ ಬೆಳಕು ಮತ್ತು ಮಕ್ಕಳ ಕಣ್ಣು

ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ಬೆಳಕಿನ ಪಾಠವನ್ನು ನಾನು ಒಂದು ಪ್ರಶ್ನೆಯಿಂದ ಆರಂಭಿಸುವುದುಂಟು. 'ಈ ಕೊಠಡಿಯ ಒಳಗಿರುವುದಕ್ಕಿಂತ ಹೊರಗಿನ ಅಂಗಳದಲ್ಲಿ ಬೆಳಕು ಎಷ್ಟು ಪಟ್ಟು ಹೆಚ್ಚಿದೆ?' ಕೆಲವರು ಎರಡು ಪಟ್ಟು ಎನ್ನುತ್ತಾರೆ, ಕೆಲವರು ಐದು ಪಟ್ಟು. ಧೈರ್ಯವಂತರು ಹತ್ತು ಪಟ್ಟು ಎನ್ನುತ್ತಾರೆ. ಬಳಿಕ ಬೆಳಕಿನ ಮಾಪಕವನ್ನು ಮೇಜಿನ ಮೇಲೆ ಇಟ್ಟು ನೋಡುತ್ತೇವೆ. ಒಮ್ಮೆ ಕೊಠಡಿಯ ನಡುವೆ ಅದು ತೋರಿಸಿದ್ದು ಸುಮಾರು 250 ಲಕ್ಸ್. ಅದೇ ಮಾಪಕವನ್ನು ಅಂಗಳದ ಬಿಸಿಲಿಗೆ ಒಯ್ದಾಗ 70,000 ಲಕ್ಸ್! ಅಂದರೆ 280 ಪಟ್ಟು.

ಇಷ್ಟು ದೊಡ್ಡ ವ್ಯತ್ಯಾಸ ನಮಗೇಕೆ ತಿಳಿಯುವುದಿಲ್ಲ? ಕಣ್ಣಿನ ಪಾಪೆ ಕತ್ತಲಿನಲ್ಲಿ ಹಿಗ್ಗಿ ಬೆಳಕಿನಲ್ಲಿ ಕುಗ್ಗುತ್ತದೆ. ಅದರ ವ್ಯಾಸ 8 ಮಿಲಿಮೀಟರ್‌ನಿಂದ 2 ಮಿಲಿಮೀಟರ್‌ಗೆ ಇಳಿದರೆ ಒಳಗೆ ಹೋಗುವ ಬೆಳಕು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಜೊತೆಗೆ ರೆಟಿನಾದ ಕೋಶಗಳೂ ತಮ್ಮ ಸಂವೇದನೆಯನ್ನು ಹೊಂದಿಸಿಕೊಳ್ಳುತ್ತವೆ. ಬೆಳಕು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಏರಿದಾಗ ನಮ್ಮ ಅನುಭವಕ್ಕೆ ಅದು ಒಂದೊಂದೇ ಮೆಟ್ಟಿಲು ಹತ್ತಿದಂತೆ ತೋರುತ್ತದೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಕಣ್ಣಿನ ಅನುಭವ ಲಾಗರಿದಮ್ ರೀತಿಯದು. ಆದ್ದರಿಂದಲೇ ಟ್ಯೂಬ್‌ಲೈಟ್ ಹಾಕಿದ ಕೋಣೆ ನಮಗೆ 'ಸಾಕಷ್ಟು ಬೆಳಕಿನ' ಕೋಣೆಯಾಗಿ ಕಾಣುತ್ತದೆ.

ಈ ಭ್ರಮೆಯಿಂದ ನಾನೂ ಹೊರತಾಗಿರಲಿಲ್ಲ. ನನ್ನ ಮಗಳಿಗೆ 2006ರಲ್ಲಿ, ಅವಳ ಎಂಟನೆಯ ವಯಸ್ಸಿನಲ್ಲಿ, ಕನ್ನಡಕ ಬಂತು. ಮನೆಯಲ್ಲಿ ಎಲ್ಲರೂ ಟಿ.ವಿ.ಯನ್ನು ದೂರಿದೆವು. ಟಿ.ವಿ. ಆರಿಸಿ, ಅವಳ ಕೈಗೆ ಕಥೆ ಪುಸ್ತಕಗಳನ್ನು ಕೊಟ್ಟು, ಅದೇ ಕೋಣೆಯ ಅದೇ ದೀಪದ ಕೆಳಗೆ ಕೂರಿಸಿದೆವು. ದೊಡ್ಡ ಸುಧಾರಣೆ ಮಾಡಿದೆವೆಂದೇ ತಿಳಿದಿದ್ದೆವು. ವರ್ಷ ವರ್ಷವೂ ಗಾಜಿನ ಶಕ್ತಿ ಏರಿತು. ಹೊರಗೆ ಬಿಟ್ಟಿದ್ದರೆ ಕನ್ನಡಕವೇ ಬರುತ್ತಿರಲಿಲ್ಲ ಎಂದು ನಾನು ಹೇಳಲಾರೆ. ತಂದೆ ತಾಯಿ ಇಬ್ಬರೂ ಕನ್ನಡಕಧಾರಿಗಳು, ಅನುವಂಶೀಯತೆಯ ಪಾತ್ರವೂ ಇದೆ. ಆದರೆ ಪರದೆಯನ್ನು ಮುಚ್ಚಿದ ನಾವು ಬಾಗಿಲನ್ನು ತೆರೆಯಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ಈ ಲೇಖನದ ವಿಷಯ.

ಒಂದು ಮಿಲಿಮೀಟರ್‌ನ ಕಥೆ

ಸಮೀಪದೃಷ್ಟಿ ಎಂದರೇನೆಂದು ನೀವು ಹತ್ತನೆಯ ತರಗತಿಯಲ್ಲಿ ಓದಿದ್ದೀರಿ. ದೂರದ ವಸ್ತುವಿನಿಂದ ಬಂದ ಕಿರಣಗಳು ರೆಟಿನಾದ ಮೇಲೆ ಸೇರುವ ಬದಲು ಅದರ ಮುಂದೆಯೇ ಸೇರುತ್ತವೆ. ಮಕ್ಕಳಲ್ಲಿ ಸಾಮಾನ್ಯವಾಗಿ ಇದಕ್ಕೆ ಕಾರಣ ಕಣ್ಣುಗುಡ್ಡೆ ಇರಬೇಕಾದುದಕ್ಕಿಂತ ಉದ್ದವಾಗಿರುವುದು. ಹುಟ್ಟಿದಾಗ ಮಗುವಿನ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರಲ್ಲಿ ಅದು 23ರಿಂದ 24 ಮಿಲಿಮೀಟರ್. ಈ ಬೆಳವಣಿಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಬೇಕು. ಒಂದು ಮಿಲಿಮೀಟರ್ ಹೆಚ್ಚಾದರೆ ಸುಮಾರು ಎರಡೂವರೆ ಡಯಾಪ್ಟರ್‌ನಷ್ಟು ದೋಷ ಬರುತ್ತದೆ. ಡಯಾಪ್ಟರ್ ಎಂಬುದು ಮೀಟರ್‌ಗಳಲ್ಲಿ ಹೇಳಿದ ದೂರದ ವಿಲೋಮ. ಆದ್ದರಿಂದ ಎರಡೂವರೆ ಡಯಾಪ್ಟರ್ ದೋಷವಿರುವ ಮಗುವಿಗೆ 40 ಸೆಂಟಿಮೀಟರ್‌ಗಿಂತ ಆಚೆಯದು ಸ್ಪಷ್ಟವಾಗಿ ಕಾಣದು. ಕರಿಹಲಗೆ ಇರುವುದು ಅದರಾಚೆ!

ನಿಮ್ನ ಮಸೂರದ ಕನ್ನಡಕ ಬಿಂಬವನ್ನು ಸರಿಯಾದ ಜಾಗಕ್ಕೆ ತರುತ್ತದೆ. ಹಿಗ್ಗಿದ ಕಣ್ಣುಗುಡ್ಡೆಯನ್ನು ಅದು ಕುಗ್ಗಿಸುವುದಿಲ್ಲ. ದೋಷ 6 ಡಯಾಪ್ಟರ್ ದಾಟಿದರೆ ಹಿಗ್ಗಿ ತೆಳುವಾದ ರೆಟಿನಾ ಕಳಚಿಕೊಳ್ಳುವ ಅಪಾಯ ಮತ್ತು ಗ್ಲಾಕೋಮಾದಂತಹ ರೋಗಗಳ ಅಪಾಯ ನಡುವಯಸ್ಸಿನಲ್ಲಿ ಹೆಚ್ಚುತ್ತದೆ. ಎಷ್ಟು ಚಿಕ್ಕ ವಯಸ್ಸಿನಲ್ಲಿ ದೋಷ ಆರಂಭವಾಗುತ್ತದೆಯೋ ಅಷ್ಟು ಹೆಚ್ಚು ಕಾಲ ಅದು ಏರುತ್ತಾ ಹೋಗುತ್ತದೆ. ಆದ್ದರಿಂದ ಆರಂಭವನ್ನು ಎರಡು ವರ್ಷ ಮುಂದೂಡಿದರೂ ಅದು ಸಣ್ಣ ಲಾಭವಲ್ಲ.

ಓದಿನಿಂದಲೋ, ಬೆಳಕಿನ ಕೊರತೆಯಿಂದಲೋ?

ಈ ಪ್ರಶ್ನೆ ಹಳೆಯದು. ಹರ್ಮನ್ ಕೋನ್ ಎಂಬ ವೈದ್ಯ ಬ್ರೆಸ್ಲಾವ್ ನಗರದ (ಇಂದು ಇದು ಪೋಲೆಂಡಿನಲ್ಲಿದೆ) ಮತ್ತು ಸುತ್ತಲಿನ ಹಳ್ಳಿಗಳ 10,060 ಶಾಲಾ ಮಕ್ಕಳ ಕಣ್ಣುಗಳನ್ನು ಪರೀಕ್ಷಿಸಿ 1867ರಲ್ಲಿ ವರದಿ ಪ್ರಕಟಿಸಿದ. ಹಳ್ಳಿ ಶಾಲೆಗಳಲ್ಲಿ ಸಮೀಪದೃಷ್ಟಿಯವರು ನೂರಕ್ಕೆ ಒಬ್ಬಿಬ್ಬರಿದ್ದರೆ ನಗರದ ಪ್ರೌಢಶಾಲೆಗಳಲ್ಲಿ ಕಾಲುಭಾಗ ಮಕ್ಕಳಿಗೆ ಆ ದೋಷವಿತ್ತು. ಆಗ ಟಿ.ವಿ. ಇರಲಿಲ್ಲ, ಮೊಬೈಲ್ ಇರಲಿಲ್ಲ, ವಿದ್ಯುದ್ದೀಪವೂ ಇರಲಿಲ್ಲ ಎಂಬುದನ್ನು ಗಮನಿಸಿ. ಶಾಲಾ ಕೊಠಡಿಗಳಿಗೆ ಧಾರಾಳವಾಗಿ ಹಗಲಿನ ಬೆಳಕು ಬರಬೇಕೆಂದು ಕೋನ್ ಒತ್ತಾಯಿಸಿದ.

ಪ್ರಶ್ನೆಗೆ ಹೊಸ ತಿರುವು ಬಂದದ್ದು 2008ರಲ್ಲಿ. ಸಿಡ್ನಿ ಮತ್ತು ಸಿಂಗಪುರಗಳಲ್ಲಿ ವಾಸಿಸುವ, ಚೀನೀ ಮೂಲದ ಆರು ಏಳು ವರ್ಷದ ಮಕ್ಕಳನ್ನು ಸಂಶೋಧಕರು ಹೋಲಿಸಿದರು. ಸಿಂಗಪುರದ ಮಕ್ಕಳಲ್ಲಿ ಶೇ. 29.1ರಷ್ಟು ಸಮೀಪದೃಷ್ಟಿಯವರಿದ್ದರೆ ಸಿಡ್ನಿಯಲ್ಲಿ ಶೇ. 3.3 ಮಾತ್ರ. ಸಿಡ್ನಿಯ ಮಕ್ಕಳು ಕಡಿಮೆ ಓದುತ್ತಿದ್ದರೆ? ಇಲ್ಲ, ಅವರೇ ವಾರಕ್ಕೆ ಹೆಚ್ಚು ಪುಸ್ತಕ ಓದುತ್ತಿದ್ದರು. ಎದ್ದು ಕಂಡ ವ್ಯತ್ಯಾಸ ಬೇರೆ. ಅವರು ವಾರಕ್ಕೆ 13 ಗಂಟೆಗೂ ಹೆಚ್ಚು ಹೊರಾಂಗಣದಲ್ಲಿರುತ್ತಿದ್ದರು. ಸಿಂಗಪುರದ ಮಕ್ಕಳು ಕೇವಲ 3 ಗಂಟೆ.

ಹೋಲಿಕೆಯಿಂದ ಕಾರಣ ಸಿದ್ಧವಾಗುವುದಿಲ್ಲ, ಪ್ರಯೋಗ ಬೇಕು. ಚೀನಾದ ಗುವಾಂಗ್‌ಜೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಅಂತಹ ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ದಿನಕ್ಕೆ 40 ನಿಮಿಷದ ಒಂದು ಹೊರಾಂಗಣ ಪೀರಿಯಡ್ ಸೇರಿಸಿದರು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5. ತೈವಾನ್ 2010ರಲ್ಲಿಯೇ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸುವ ಕಾರ್ಯಕ್ರಮ ಆರಂಭಿಸಿತ್ತು. ಅಲ್ಲಿ ದೃಷ್ಟಿ ಕುಗ್ಗಿದ ಪ್ರಾಥಮಿಕ ಶಾಲಾ ಮಕ್ಕಳ ಪ್ರಮಾಣ ವರ್ಷ ವರ್ಷವೂ ಏರುತ್ತಾ 2011ರಲ್ಲಿ ಶೇ. 50 ಮುಟ್ಟಿತ್ತು. 2015ರ ಹೊತ್ತಿಗೆ ಅದು ಶೇ. 46ಕ್ಕೆ ಇಳಿಯಿತು. ದೆಹಲಿಯ ಶಾಲಾ ಮಕ್ಕಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೂ ಹೊರಗೆ ಹೆಚ್ಚು ಹೊತ್ತು ಕಳೆಯುವವರಲ್ಲಿ ದೋಷ ಕಡಿಮೆ ಎಂದು ಕಂಡುಕೊಂಡಿತು.

ಬೆಳಕು ಕಣ್ಣಿನ ಬೆಳವಣಿಗೆಯನ್ನು ಹೇಗೆ ತಡೆಯುತ್ತದೆ? ಕೋಳಿಮರಿಗಳ ಮೇಲಿನ ಪ್ರಯೋಗಗಳು ಇದಕ್ಕೊಂದು ಸುಳಿವು ನೀಡಿವೆ. ಮಸುಕಾದ ಮುಚ್ಚಳ ಹಾಕಿದ ಮರಿಯ ಕಣ್ಣು ಹಿಗ್ಗಿ ಸಮೀಪದೃಷ್ಟಿ ಬರುತ್ತದೆ. ಆದರೆ ಅಂತಹ ಮರಿಗಳನ್ನು ದಿನದಲ್ಲಿ ಕೆಲವು ಗಂಟೆ ಪ್ರಖರ ಬೆಳಕಿನಲ್ಲಿ ಬಿಟ್ಟಾಗ ಹಿಗ್ಗುವಿಕೆ ಕಡಿಮೆಯಾಯಿತು. ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ಔಷಧದಿಂದ ತಡೆದಾಗ ಬೆಳಕಿನ ಈ ರಕ್ಷಣೆಯೂ ಇಲ್ಲವಾಯಿತು. ಪ್ರಖರ ಬೆಳಕು ರೆಟಿನಾದಲ್ಲಿ ಡೋಪಮೈನ್ ಬಿಡುಗಡೆಯಾಗುವಂತೆ ಮಾಡುತ್ತದೆ, ಅದು ಕಣ್ಣಿಗೆ 'ಇನ್ನು ಉದ್ದವಾಗಬೇಡ' ಎಂಬ ಸಂದೇಶ ಕಳುಹಿಸುತ್ತದೆ ಎಂಬುದು ಇಂದು ಪ್ರಬಲವಾಗಿರುವ ವಿವರಣೆ.

ಪರದೆಯ ಪಾತ್ರವೇನು?

ಪರದೆಯಿಂದ ಹೊಮ್ಮುವ ನೀಲಿ ಬೆಳಕೇ ಕಣ್ಣು ಕೆಡಿಸುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಮೊಬೈಲ್ ಪರದೆಯಿಂದ ಮುಖದ ಮೇಲೆ ಬೀಳುವ ಬೆಳಕು ಹೆಚ್ಚೆಂದರೆ ಕೆಲವು ಹತ್ತು ಲಕ್ಸ್. ತೆರೆದ ಆಕಾಶ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ನೀಲಿ ಬೆಳಕನ್ನು ನಮ್ಮ ಕಣ್ಣಿಗೆ ಕಳುಹಿಸುತ್ತದೆ. (ಮಲಗುವ ಹೊತ್ತಿನಲ್ಲಿ ಪರದೆ ನಿದ್ರೆ ಕೆಡಿಸುವುದು ಬೇರೆಯೇ ವಿಷಯ.) ಪರದೆಯ ದೋಷ ಬೇರೆಡೆ ಇದೆ. ಒಂದು, ಅದು ದೃಷ್ಟಿಯನ್ನು ಹತ್ತಿರಕ್ಕೆ ಕಟ್ಟಿಹಾಕುತ್ತದೆ. 25 ಸೆಂಟಿಮೀಟರ್ ದೂರದ ಮೊಬೈಲ್ ನೋಡಲು ಕಣ್ಣು 4 ಡಯಾಪ್ಟರ್‌ನಷ್ಟು ಹೊಂದಾಣಿಕೆ ಮಾಡಿಕೊಳ್ಳಬೇಕು. ಲಗೋರಿಯಲ್ಲಿ ಹತ್ತು ಮೀಟರ್ ಆಚೆಯಿಂದ ಬರುವ ಚೆಂಡಿಗೆ 0.1 ಡಯಾಪ್ಟರ್ ಸಾಕು. ಎರಡು, ಅದು ಮಗುವನ್ನು ಗಂಟೆಗಟ್ಟಲೆ ಮನೆಯೊಳಗೆ ಕೂರಿಸುತ್ತದೆ. ಈ ಎರಡನೆಯ ನಷ್ಟವನ್ನು ಪುಸ್ತಕವೂ ತುಂಬಿಕೊಡದು.

ಕಿಟಕಿ ಸಾಲದೆ?

ಒಂದು ಸುಲಭ ಲೆಕ್ಕ ಮಾಡೋಣ. ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಕಿಟಕಿಯ ವಿಸ್ತೀರ್ಣ 2.25 ಚದರ ಮೀಟರ್. ಐದು ಮೀಟರ್ ದೂರದಲ್ಲಿ ಎದುರಾಗಿ ಕುಳಿತ ಮಗುವಿಗೆ ಅದರ ಘನಕೋನ 2.25ನ್ನು 25ರಿಂದ ಭಾಗಿಸಿದಾಗ ಬರುವ 0.09 ಸ್ಟೆರೇಡಿಯನ್. ಬಯಲಿನಲ್ಲಿ ನಿಂತವನ ಮೇಲಿರುವ ಅರ್ಧಗೋಲ 6.28 ಸ್ಟೆರೇಡಿಯನ್. ಅಂದರೆ ಕಿಟಕಿಯಾಚೆ ಬರೀ ಆಕಾಶವೇ ಇದ್ದರೂ ಮಗುವಿಗೆ ದೊರೆಯುವುದು ಆಕಾಶದ ಎಪ್ಪತ್ತರಲ್ಲಿ ಒಂದು ಪಾಲು! ಎದುರಿಗೆ ಪಕ್ಕದ ಕಟ್ಟಡದ ಗೋಡೆ ಇದ್ದರೆ ಅದೂ ಇಲ್ಲ. ಮಗು ಎರಡೂವರೆ ಮೀಟರ್‌ಗೆ ಸರಿದರೆ ವಿಲೋಮ ವರ್ಗ ನಿಯಮದಂತೆ ಈ ಪಾಲು ಸುಮಾರು ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯವಾಗಿ ಕಂಡುಬರುವ ಬೆಳಕಿನ ಪ್ರಮಾಣಗಳು ಹೀಗಿವೆ:

ನಡುಹಗಲ ನೇರ ಬಿಸಿಲು – 50,000ದಿಂದ 1,00,000 ಲಕ್ಸ್
ಮೋಡ ಕವಿದ ದಿನದ ಬಯಲು – 1,000ದಿಂದ 10,000 ಲಕ್ಸ್
ಮರದ ನೆರಳು – ಕೆಲವು ಸಾವಿರ ಲಕ್ಸ್
ತರಗತಿಯ ಒಳಗೆ – 100ರಿಂದ 500 ಲಕ್ಸ್
ರಾತ್ರಿ ದೀಪದ ಬೆಳಕಿನ ಮನೆ – 50ರಿಂದ 200 ಲಕ್ಸ್

ಈ ಪಟ್ಟಿಯಲ್ಲಿ ಮೂರನೆಯ ಸಾಲನ್ನು ಮತ್ತೊಮ್ಮೆ ನೋಡಿ. ಮಕ್ಕಳನ್ನು ಉರಿಬಿಸಿಲಿನಲ್ಲಿ ನಿಲ್ಲಿಸಬೇಕಾಗಿಲ್ಲ. 2018ರಲ್ಲಿ ಪ್ರಕಟವಾದ ತೈವಾನಿನ ಇನ್ನೊಂದು ಪ್ರಯೋಗದಲ್ಲಿ 1,000 ಲಕ್ಸ್‌ಗೂ ಮೇಲ್ಪಟ್ಟ ಬೆಳಕಿನಲ್ಲಿ ವಾರಕ್ಕೆ 200 ನಿಮಿಷ ಕಳೆದ ಮಕ್ಕಳಲ್ಲೂ ದೋಷದ ಏರಿಕೆ ಕಡಿಮೆ ಇತ್ತು. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಿನಲ್ಲಿ ಬಯಲಿಗಿಳಿಯುವುದು ಅಸಾಧ್ಯ ಎನಿಸಬಹುದು. ಆದರೆ ಹೊಂಗೆಯ ಅಥವಾ ಬೇವಿನ ಮರದಡಿಯಲ್ಲಿ ಕಣ್ಣಿಗೆ ಬೇಕಾದಷ್ಟು ಬೆಳಕೂ ಇರುತ್ತದೆ, ಎಲೆಗಳು ಆವಿಯಾಗಿಸುವ ನೀರಿನಿಂದ ತಂಪೂ ಇರುತ್ತದೆ. ಶಾಲಾ ಅಂಗಳದ ಮರವನ್ನು ಕಡಿದು ಹೊಸ ಕೊಠಡಿ ಕಟ್ಟುವಾಗ ಕಳೆದುಕೊಳ್ಳುವುದು ಬರೀ ನೆರಳನ್ನಲ್ಲ. ಹಿಂದೆ ಮಳೆಗಾಲದಲ್ಲಿ ಮಕ್ಕಳು ಚೌಕಾಬಾರ, ಅಳಗುಳಿಮಣೆ ಆಡುತ್ತಿದ್ದದ್ದೂ ಹೆಚ್ಚಾಗಿ ಜಗಲಿಯಲ್ಲಿ, ಒಳಗಿನ ಕೋಣೆಯಲ್ಲಲ್ಲ.

ಎರಡು ಮಾತು ಸ್ಪಷ್ಟವಾಗಿರಲಿ. ಹೊರಾಂಗಣದ ಬೆಳಕು ದೋಷ ಬಾರದಂತೆ ತಡೆಯುವಲ್ಲಿ ಹೆಚ್ಚು ಉಪಯುಕ್ತ. ಬಂದ ದೋಷ ಏರದಂತೆ ತಡೆಯುವಲ್ಲಿ ಅದರ ಪರಿಣಾಮ ಅಷ್ಟು ಖಚಿತವಿಲ್ಲ. ಆದ್ದರಿಂದ ಕನ್ನಡಕ ಬೇಕಾದ ಮಗುವಿಗೆ ಕನ್ನಡಕವನ್ನೇ ಕೊಡಿಸಬೇಕು. ಇನ್ನು ಸೂರ್ಯನನ್ನು ನೇರವಾಗಿ ಎಂದೂ ನೋಡಬಾರದು.

ನಿಮ್ಮ ತರಗತಿಯಲ್ಲಿ ಮಾಡಿ ನೋಡಿ

ಹೆಚ್ಚಿನ ಸ್ಮಾರ್ಟ್‌ಫೋನ್‌ಗಳಲ್ಲಿ ಬೆಳಕಿನ ಸಂವೇದಕ ಇರುತ್ತದೆ. ಅದನ್ನು ಓದುವ ಉಚಿತ ಆ್ಯಪ್‌ಗಳೂ ಸಿಗುತ್ತವೆ. ಅಳತೆ ನಿಖರವಲ್ಲದಿದ್ದರೂ ಹೋಲಿಕೆಗೆ ಸಾಕು. ಮೊದಲ ಬೆಂಚು, ಕೊನೆಯ ಬೆಂಚು, ಕಿಟಕಿಯ ಪಕ್ಕ, ಜಗಲಿ, ಮರದಡಿ, ಬಯಲು – ಇಷ್ಟೂ ಕಡೆ ಮಕ್ಕಳೇ ಅಳೆದು ಬರೆದುಕೊಳ್ಳಲಿ. ಅದೇ ಅಳತೆಗಳನ್ನು ಸಂಜೆ ನಾಲ್ಕೂವರೆಗೆ ಮತ್ತೆ ಮಾಡಲಿ. ಲಕ್ಸ್ ಬೆಲೆಗಳ ಲಾಗರಿದಮ್ ತೆಗೆದು ನಕ್ಷೆ ಬರೆದರೆ ಕಣ್ಣು ಅವರನ್ನು ಹೇಗೆ ನಂಬಿಸುತ್ತಿತ್ತು ಎಂಬುದು ಅವರಿಗೇ ತಿಳಿಯುತ್ತದೆ.

ಶಿಕ್ಷಕ ಮಿತ್ರರೇ, ಪರೀಕ್ಷೆ ಹತ್ತಿರ ಬಂದಾಗ ಪಾಠ ಮುಗಿಸಲು ನಾವು ಮೊದಲು ಕೇಳಿ ಪಡೆಯುವುದು ಆಟದ ಪೀರಿಯಡನ್ನು. ಗುವಾಂಗ್‌ಜೌ ಶಾಲೆಗಳ ಮಕ್ಕಳಿಗೆ ಹೆಚ್ಚುವರಿಯಾಗಿ ದೊರೆತದ್ದೂ ದಿನಕ್ಕೆ ಅಂಥದೇ ಒಂದು ಪೀರಿಯಡ್. ಮುಂದಿನ ಸಲ ಅದನ್ನು ಕೇಳುವ ಮೊದಲು ಕೊಠಡಿಯ ಕೊನೆಯ ಬೆಂಚಿನಲ್ಲಿ ಬೆಳಕು ಎಷ್ಟು ಲಕ್ಸ್ ಇದೆ ಎಂದು ಅಳೆದು ನೋಡಿ. ಪಾಠವನ್ನೇ ಮಾಡಬೇಕಿದ್ದರೆ ಮಕ್ಕಳನ್ನು ಮರದ ಕೆಳಗೆ ಕೂರಿಸಿ ಮಾಡಿ.